ಮಂಜಿನಲ್ಲಿ ಹೆಲಿಕಾಪ್ಟರು

ಮಾಗಿಯ ಮುಂಜಾವಿನಲ್ಲಿ ಚಿಕ್ಕನಾಯಕನಹಳ್ಳಿಯ ಕಡೆ ಪ್ರಯಾಣ ಮಾಡಿದವರಿಗೆ ಮಂಜು ಹೊಸದಲ್ಲ. ಇರುಳೆಲ್ಲ ಶಾಖವನ್ನು ಕಳೆದುಕೊಂಡ ನೆಲವು ತನ್ನನ್ನು ಸೋಕಿದ ತೇವದ ಗಾಳಿಯನ್ನೂ ತಂಪುಮಾಡುತ್ತದೆ. ಅದರಲ್ಲಿನ ಆವಿ ಸೂಕ್ಷ್ಮ ಹನಿಗಳಾಗಿ ಕೆರೆಯಂಗಳವನ್ನೂ ತೆಂಗಿನ ತೋಟಗಳನ್ನೂ ಮುಸುಕುತ್ತದೆ. ತೋಟದ ಬದುವಿನ ಮೇಲೆ ನಡೆಯುವವನಿಗೆ ಇದರಿಂದ ಹೆಚ್ಚಿನ ತೊಂದರೆಯಿಲ್ಲ. ಆದರೆ ತೆಂಗಿನ ಸುಳಿಗಳಿಗಿಂತ ತುಸುವೇ ಮೇಲೆ ಹಾರುವ ಹೆಲಿಕಾಪ್ಟರಿನ ಚಾಲಕನ ಪಾಡೇನು? ನೆರೆಯ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ೨೦೨೩ರ ಫೆಬ್ರವರಿ ೬ರಂದು ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಗೊಂಡ ಮೇಲೆ ಈ ಪ್ರಶ್ನೆ ನಮ್ಮ ಸೀಮೆಗೆ ದೂರದ್ದಲ್ಲ.

ಹೆಲಿಕಾಪ್ಟರು ಸಾಮಾನ್ಯವಾಗಿ ತಗ್ಗಿನಲ್ಲಿ, ರಸ್ತೆ, ನದಿ, ಬೆಟ್ಟಗಳನ್ನು ಗುರುತಿಟ್ಟುಕೊಂಡು ಸಾಗುತ್ತದೆ. ಮೋಡ ಇಳಿದಂತೆಲ್ಲ, ನೆಲ ಕಾಣಬೇಕೆಂಬ ಆಸೆಯಿಂದ ಚಾಲಕನೂ ಇಳಿಯುತ್ತಾನೆ. ಮೇಲೆ ಮೋಡ, ಕೆಳಗೆ ಮರ, ವಿದ್ಯುತ್ತಿನ ತಂತಿ, ಗುಡ್ಡ, ನಡುವಣ ಅವಕಾಶ ಕಿರಿದಾಗುತ್ತ ಹೋಗುತ್ತದೆ.

ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ. ಗಂಟೆಗೆ ೨೦೦ ಕಿಲೋಮೀಟರು ವೇಗವೆಂದರೆ ಸೆಕೆಂಡಿಗೆ ಸುಮಾರು ೫೬ ಮೀಟರು. ೫೦೦ ಮೀಟರಿನಾಚೆ ಏನೂ ಕಾಣದಿದ್ದಲ್ಲಿ, ಗುಡ್ಡವೊಂದು ಕಣ್ಣಿಗೆ ಬಿದ್ದ ೯ ಸೆಕೆಂಡುಗಳಲ್ಲಿ ಹೆಲಿಕಾಪ್ಟರು ಅದನ್ನು ಮುಟ್ಟಿರುತ್ತದೆ. ೩೦ ಡಿಗ್ರಿ ವಾಲಿಸಿ ತಿರುಗಿಸಿದರೂ ತಿರುವಿನ ತ್ರಿಜ್ಯ ಸುಮಾರು ೫೪೫ ಮೀಟರು. ಕಾಣುವ ದೂರಕ್ಕಿಂತಲೂ ಹೆಚ್ಚು! ಆದರೆ ತ್ರಿಜ್ಯವು ವೇಗದ ವರ್ಗವನ್ನು ಅನುಸರಿಸುವುದರಿಂದ, ವೇಗ ಅರ್ಧವಾದರೆ ತ್ರಿಜ್ಯ ಕಾಲುಭಾಗಕ್ಕೆ, ಎಂದರೆ ಸುಮಾರು ೧೩೬ ಮೀಟರಿಗೆ ಇಳಿಯುತ್ತದೆ. ನಿಧಾನವೇ ಪ್ರಧಾನವೆಂಬ ಮಾತಿಗೆ ಗಣಿತದ ಬೆಂಬಲವೂ ಉಂಟು.

ಮೋಡವನ್ನು ಹೊಕ್ಕ ಮೇಲಿನ ಅಪಾಯ ಇನ್ನೂ ಸೂಕ್ಷ್ಮವಾದುದು. ನಮ್ಮ ಒಳಕಿವಿಯಲ್ಲಿ ದ್ರವ ತುಂಬಿದ ಮೂರು ಅರ್ಧವೃತ್ತ ನಾಳಗಳಿವೆ. ದೇಹ ತಿರುಗತೊಡಗಿದಾಗ ದ್ರವವು ಹಿಂದುಳಿಯುವುದರಿಂದ ಮಿದುಳಿಗೆ ತಿರುವಿನ ಸೂಚನೆ ದೊರೆಯುತ್ತದೆ. ತಿರುವು ಒಂದೇ ಸಮನೆ ಮುಂದುವರಿದರೆ ಕೆಲವೇ ಸೆಕೆಂಡುಗಳಲ್ಲಿ ದ್ರವವೂ ಅದೇ ವೇಗವನ್ನು ಪಡೆದು ಸೂಚನೆ ನಿಂತುಹೋಗುತ್ತದೆ. ತಿರುಗುತ್ತಿರುವವನಿಗೆ ನೇರವಾಗಿ ಹೋಗುತ್ತಿರುವಂತೆ ತೋರುತ್ತದೆ. ದಿಗಂತ ಕಾಣುವಾಗ ಕಣ್ಣು ಈ ಭ್ರಮೆಯನ್ನು ತಿದ್ದುತ್ತದೆ, ಮಂಜಿನಲ್ಲಿ ತಿದ್ದುವವರಿಲ್ಲ. ೧೯೫೪ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ, ಉಪಕರಣಗಳನ್ನಷ್ಟೇ ನೋಡಿ ಹಾರಿಸುವ ಅಭ್ಯಾಸವಿಲ್ಲದ ೨೦ ಮಂದಿಯನ್ನು ವಿಮಾನದಲ್ಲಿ ಹೊರಗಿನ ನೋಟವನ್ನು ಮರೆಮಾಡಿ ಪರೀಕ್ಷಿಸಿದರು. ಎಲ್ಲರೂ ಹತೋಟಿ ಕಳೆದುಕೊಂಡರು. ಸರಾಸರಿ ಅವಧಿ ೧೭೮ ಸೆಕೆಂಡು.

ನುರಿತವರಿಗೂ ಈ ಅಪಾಯ ತಪ್ಪಿದ್ದಲ್ಲ. ೨೦೨೧ರ ಡಿಸೆಂಬರ್ ೮ರಂದು ಜನರಲ್ ಬಿಪಿನ್ ರಾವತ್ ಅವರನ್ನು ಸೂಲೂರಿನಿಂದ ವೆಲ್ಲಿಂಗ್ಟನ್ನಿಗೆ ಕರೆದೊಯ್ಯುತ್ತಿದ್ದ ವಾಯುಪಡೆಯ ಹೆಲಿಕಾಪ್ಟರು ನೀಲಗಿರಿಯ ಕೂನೂರಿನ ಬಳಿ ಬಿದ್ದಿತು. ಅದರಲ್ಲಿದ್ದ ೧೪ ಮಂದಿಯಲ್ಲಿ ೧೩ ಮಂದಿ ಅಂದೇ ಮಡಿದರು. ಗ್ರೂಪ್ ಕ್ಯಾಪ್ಟನ್ ವರುಣ್ ಸಿಂಗ್ ಅವರು ಡಿಸೆಂಬರ್ ೧೫ರಂದು ಬೆಂಗಳೂರಿನ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಪ್ರಾಥಮಿಕ ವಿಚಾರಣೆಯಲ್ಲಿ ಯಂತ್ರದೋಷ ಕಂಡುಬರಲಿಲ್ಲ. ಕಣಿವೆಯ ಹವೆ ಹಠಾತ್ತನೆ ಬದಲಾಗಿ ಹೆಲಿಕಾಪ್ಟರು ಮೋಡವನ್ನು ಹೊಕ್ಕಿತೆಂದೂ, ಚಾಲಕನಿಗೆ ದಿಕ್ಕುದೆಸೆಗಳ ಅರಿವು ತಪ್ಪಿ ಅದು ನೆಲಕ್ಕೆ ಬಡಿಯಿತೆಂದೂ ತಿಳಿದುಬಂದಿತು.

ಹಾಗಾದರೆ ಉಪಾಯವೇನು? ಮೋಡದೊಳಗೆ ಸಿಲುಕಿದವನು ತನ್ನ ಕಿವಿಯನ್ನಲ್ಲ, ಉಪಕರಣಗಳನ್ನು ನಂಬಬೇಕು. ಅದಕ್ಕಿಂತ ಮೇಲಾದುದು ಮೋಡ ಕವಿಯುವ ಮೊದಲೇ ಹಿಂತಿರುಗುವುದು, ಇಲ್ಲವೆ ಇಳಿಯುವುದು. ವಿಮಾನಕ್ಕಿಲ್ಲದ ಒಂದು ಅನುಕೂಲ ಹೆಲಿಕಾಪ್ಟರಿಗಿದೆ: ಕೊಯ್ಲಾದ ರಾಗಿಯ ಹೊಲವೂ ಬತ್ತಿದ ಕೆರೆಯಂಗಳವೂ ಅದಕ್ಕೆ ನಿಲ್ದಾಣವಾಗಬಲ್ಲವು. ಬಿಸಿಲೇರಿದರೆ ಮಾಗಿಯ ಮಂಜು ತಾನಾಗಿಯೇ ಕರಗುತ್ತದೆ. ಅಷ್ಟು ಹೊತ್ತು ಕಾಯುವ ತಾಳ್ಮೆ ಚಾಲಕನಿಗಿರಬೇಕು, ಅವನನ್ನು ಅವಸರಪಡಿಸದ ವಿವೇಕ ಪ್ರಯಾಣಿಕರಿಗಿರಬೇಕು.