‘ಆಂಟಿ-’ ಪೂರ್ವಪ್ರತ್ಯಯ: ಅಭಿಮುಖತೆಯಿಂದ ವಿರೋಧದೆಡೆಗೆ

ಇಂಗ್ಲಿಷಿನ ‘ಆಂಟಿ-’ ಪೂರ್ವಪ್ರತ್ಯಯಕ್ಕೆ ನಿಘಂಟುಗಳು ಸಾಮಾನ್ಯವಾಗಿ ‘ವಿರುದ್ಧ’, ‘ವಿರೋಧಿ’ ಎಂಬ ಅರ್ಥಗಳನ್ನು ಕೊಡುತ್ತವೆ. ‘ಆಂಟಿವಾರ್’ ಎಂಬುದು ಯುದ್ಧವನ್ನು ವಿರೋಧಿಸುವ ನಿಲುವು, ನಿಜ. ಆದರೆ ‘ಆಂಟಿಪಾರ್ಟಿಕಲ್’ ಕಣಗಳನ್ನು ವಿರೋಧಿಸುವ ವಸ್ತುವಲ್ಲ. ಅದೂ ಒಂದು ಕಣವೇ. ಈ ವ್ಯತ್ಯಾಸದ ಬೇರನ್ನು ಪ್ರತ್ಯಯದ ಚರಿತ್ರೆಯಲ್ಲಿ ಗುರುತಿಸಿ, ಕನ್ನಡದ ಪಾರಿಭಾಷಿಕ ಪದರಚನೆಗೆ ಅದರಿಂದ ದೊರೆಯುವ ಒರೆಗಲ್ಲೊಂದನ್ನು ಇಲ್ಲಿ ಮಂಡಿಸುತ್ತೇವೆ.

1. ವ್ಯುತ್ಪತ್ತಿ

ಪ್ರತ್ಯಯದ ಮೂಲ ಗ್ರೀಕಿನ ‘ಅಂತಿ’. ‘ಎದುರಿಗೆ’, ‘ಬದಲಿಗೆ’, ‘ವಿರುದ್ಧವಾಗಿ’ ಎಂಬ ಮೂರೂ ಅರ್ಥಗಳು ಅದಕ್ಕಿದ್ದವು. ಹಿಟ್ಟೈಟಿನ ‘ಹಂತ್-’ (ಹಣೆ, ಮುಖ), ಲ್ಯಾಟಿನ್ನಿನ ‘ಅಂತೆ’ (ಮುಂದೆ), ವೈದಿಕ ಸಂಸ್ಕೃತದ ‘ಅಂತಿ’ (ಎದುರಿಗೆ, ಬಳಿ) ಇದರ ಜ್ಞಾತಿಪದಗಳು. ಇವುಗಳ ಆಧಾರದಿಂದ ಮೂಲ ಇಂಡೋ-ಯುರೋಪಿಯನ್ ಧಾತುವಿಗೆ ‘ಹಣೆ, ಮುಂಭಾಗ’ ಎಂಬ ಅರ್ಥವನ್ನು ಪುನಾರಚಿಸಲಾಗಿದೆ. ಆದ್ದರಿಂದ ಅಭಿಮುಖತೆಯೇ ಮೂಲಾರ್ಥ. ವಿರೋಧವು ಅದರ ಒಂದು ಕವಲು. ‘ಆಂಟಿಪೊಡೀಸ್’ ಎಂದರೆ ಪಾದಕ್ಕೆ ಪಾದ ಎದುರಾಗಿರುವವರು, ಅಂದರೆ ಭೂಗೋಳದ ಆಚೆ ಬದಿಯವರು. ಇಲ್ಲಿ ಹಗೆತನದ ಸುಳಿವಿಲ್ಲ. ರೋಮಿನ ಪ್ರೊಕಾನ್ಸಲನನ್ನು ಗ್ರೀಕರು ‘ಅಂಥುಪತೋಸ್’ ಎಂದು ಕರೆದರು: ಕಾನ್ಸಲನ ಸ್ಥಾನದಲ್ಲಿ ಅಧಿಕಾರ ನಡೆಸುವವನು, ಅವನ ವೈರಿಯಲ್ಲ.

ಇದೇ ಅರ್ಥವಿಸ್ತಾರವನ್ನು ದ್ರಾವಿಡ ಮೂಲದ ‘ಎದುರು’ ಸ್ವತಂತ್ರವಾಗಿ ಸಾಧಿಸಿದೆ. ‘ಎದುರುಮನೆ’ಯಲ್ಲಿ ಅದು ಬರಿಯ ದಿಕ್ಕು, ‘ಎದುರಾಳಿ’ಯಲ್ಲಿ ಸ್ಪರ್ಧೆ, ‘ಎದುರುತ್ತರ’ದಲ್ಲಿ ಪ್ರತಿಭಟನೆ. ಸಂಬಂಧವಿಲ್ಲದ ಎರಡು ಭಾಷಾಕುಟುಂಬಗಳಲ್ಲಿ ಒಂದೇ ಹಾದಿ ಕಾಣುವುದರಿಂದ, ದೇಶವಾಚಕವು ವಿರೋಧವಾಚಕವಾಗುವುದು ಆಕಸ್ಮಿಕವಲ್ಲವೆಂದು ತಿಳಿಯಬಹುದು.

2. ಇಂಗ್ಲಿಷಿನೊಳಗಿನ ದೇಶ್ಯ ಜ್ಞಾತಿಗಳು

ಇದೇ ಧಾತು ಜರ್ಮಾನಿಕ್ ಮಾರ್ಗವಾಗಿಯೂ ಇಂಗ್ಲಿಷಿಗೆ ಬಂದಿದೆ. ‘ಆನ್ಸರ್’ ಪದದ ಹಳೆಯ ರೂಪ ‘ಅಂಡ್‌ಸ್ವಾರು’; ಆರೋಪಕ್ಕೆ ಎದುರಾಗಿ ಮಾಡುವ ಪ್ರಮಾಣವೆಂಬುದು ಅದರ ಅವಯವಾರ್ಥ. ಕ್ರಿಯಾಪದಗಳಿಗೆ ಹತ್ತುವ ‘ಅನ್-’ (ಅನ್‌ಟೈ: ಕಟ್ಟು ಬಿಚ್ಚು) ಕೂಡ ಈ ವಂಶದ್ದೇ. ಗುಣವಾಚಕಗಳಿಗೆ ಹತ್ತುವ ನಿಷೇಧಾರ್ಥಕ ‘ಅನ್-’ ಬೇರೆ. ಅದು ಸಂಸ್ಕೃತದ ‘ಅ-/ಅನ್-’ಗಳ ಜ್ಞಾತಿ. ರೂಪದಲ್ಲಿ ಒಂದಾದರೂ ಇವೆರಡರ ಭೇದ ಇಂದಿಗೂ ಜೀವಂತವಾಗಿದೆ. ‘ಅನ್‌ಲಾಕಬಲ್’ ಎಂಬ ಪದಕ್ಕೆ ‘ಬೀಗ ಹಾಕಲಾಗದ’, ‘ಬೀಗ ತೆಗೆಯಬಹುದಾದ’ ಎಂಬ ಎರಡು ಅರ್ಥಗಳಿರುವುದು ಈ ಕಾರಣದಿಂದಲೇ.

3. ‘ಪ್ರತಿ-’ಯೋ ‘-ವಿರೋಧಿ’ಯೋ?

‘ಆಂಟಿ-’ ಪದಗಳನ್ನು ಕನ್ನಡಿಸುವಾಗ ನಾವು ಸೂಚಿಸುವ ಒರೆಗಲ್ಲು ಇದು: ‘ಆಂಟಿ-ಕ’ ಎಂಬುದು ತಾನೇ ಒಂದು ಬಗೆಯ ‘ಕ’ ಆಗಿದೆಯೇ? ಹೌದಾದರೆ ‘ಪ್ರತಿ-’ ಸಲ್ಲುತ್ತದೆ. ಇಲ್ಲವಾದರೆ ‘-ವಿರೋಧಿ’, ‘-ನಿರೋಧಕ’ ಮೊದಲಾದ ಉತ್ತರಪದಗಳು ಸಲ್ಲುತ್ತವೆ. 1931ರಲ್ಲಿ ಡಿರಾಕ್ ಊಹಿಸಿದ ‘ಆಂಟಿಎಲೆಕ್ಟ್ರಾನ್’ 1932ರಲ್ಲಿ ಆಂಡರ್ಸನ್ನರ ಪ್ರಯೋಗದಲ್ಲಿ ಪಾಸಿಟ್ರಾನ್ ಆಗಿ ಕಂಡಿತು. ಅದು ಎಲೆಕ್ಟ್ರಾನಿನಷ್ಟೇ ದ್ರವ್ಯರಾಶಿಯ, ವಿರುದ್ಧ ವಿದ್ಯುದಂಶದ ಕಣವಾದ್ದರಿಂದ ‘ಪ್ರತಿಕಣ’ ಸಮರ್ಪಕ. ‘ಆಂಟಿಬಾಡಿ’ ಜರ್ಮನ್ನಿನ ‘ಆಂಟಿಕೋರ್ಪರ್’ನ ಅನುವಾದ, ಅದು ಕಾಯವನ್ನು ವಿರೋಧಿಸದೆ ಎದುರು ನಿಲ್ಲುವ ಕಾಯವಾಗಿರುವುದರಿಂದ ‘ಪ್ರತಿಕಾಯ’. ‘ಆಂಟಿಸೆಪ್ಟಿಕ್’ ನಂಜಿನ ಒಂದು ಬಗೆಯಲ್ಲ, ಆದ್ದರಿಂದ ‘ನಂಜುನಿರೋಧಕ’.

ಸಂಸ್ಕೃತದ ‘ಪ್ರತಿ’ ಗ್ರೀಕಿನ ‘ಅಂತಿ’ಗೆ ಜ್ಞಾತಿಯಲ್ಲ. ಆದರೂ ಪ್ರತಿಬಿಂಬ (ಅಭಿಮುಖತೆ), ಪ್ರತಿನಿಧಿ (ಬದಲಿ), ಪ್ರತಿವಾದಿ (ವಿರೋಧ) ಎಂಬಲ್ಲಿ ಅದೇ ಮೂರು ಅರ್ಥಗಳನ್ನು ಹೊತ್ತಿದೆ. ಈ ವ್ಯಾಪ್ತಿಯೇ ಕೆಲವೆಡೆ ತೊಡಕೂ ಆಗುತ್ತದೆ. ‘ಆಂಟಿಹೀರೋ’ ನಾಯಕನೇ, ನಾಯಕಗುಣಗಳಿಲ್ಲದ ನಾಯಕ. ಒರೆಗಲ್ಲಿನಂತೆ ‘ಪ್ರತಿನಾಯಕ’ ಸಲ್ಲಬೇಕು. ಆದರೆ ಸಂಸ್ಕೃತ ನಾಟ್ಯಶಾಸ್ತ್ರದ ಪರಂಪರೆಯಲ್ಲಿ ಆ ಪದ ರಾಮನಿಗೆದುರಾದ ರಾವಣನಂಥವನಿಗೆ ಮೀಸಲು. ಇಂಥಲ್ಲಿ ವ್ಯುತ್ಪತ್ತಿಗಿಂತ ರೂಢಿ ಬಲವಾದುದರಿಂದ, ವಿಮರ್ಶಕರು ತಾವು ಯಾವ ಅರ್ಥದಲ್ಲಿ ಪ್ರಯೋಗಿಸುತ್ತಿದ್ದೇವೆಂಬುದನ್ನು ಸ್ಪಷ್ಟಪಡಿಸುವುದು ಅಗತ್ಯ.

ಹೀಗೆ, ‘ಆಂಟಿ-’ ಎಂಬುದನ್ನು ಎಲ್ಲೆಡೆ ವಿರೋಧವೆಂದೇ ಓದಿದರೆ ಮುಖಾಮುಖಿಯಾಗಿರುವ ಸಮಾನರನ್ನೂ ಶತ್ರುಗಳೆಂದು ಭ್ರಮಿಸಿದಂತಾಗುತ್ತದೆ. ಪದರಚನಕಾರರು ಮೊದಲು ಕೇಳಬೇಕಾದುದು ಎದುರಿಗಿರುವುದು ಯಾವುದು ಎಂಬುದನ್ನು. ಅದು ವಿರೋಧಿಸುತ್ತದೆಯೇ ಎಂಬುದು ಅನಂತರದ ಪ್ರಶ್ನೆ.