ಸ್ಕೋರ್ ಹೇಳದ ಆಟ: ಮೊಬೈಲಿನಲ್ಲೇ ಒಂದು ಪ್ರಯೋಗಾತ್ಮಕ ಕಿರುಚಿತ್ರ

ಅಂಕೋಲೆಯ ಜೈಹಿಂದ್ ಮೈದಾನದಲ್ಲೋ ಕಾರವಾರದ ಮಾಲಾದೇವಿ ಮೈದಾನದಲ್ಲೋ ಹೊನಲು ಬೆಳಕಿನ ಕಬಡ್ಡಿ ನಡೆದರೆ, ಬೆಳಗಾಗುವಷ್ಟರಲ್ಲಿ ಊರಿನ ವಾಟ್ಸ್‌ಆ್ಯಪ್ ಗುಂಪುಗಳ ತುಂಬ ಅದರದೇ ವಿಡಿಯೊ. ಹೆಚ್ಚಿನವು ಒಂದೇ ಬಗೆಯವು: ರೈಡರ್‌ನ ಹಿಂದೆಯೇ ಹರಿದಾಡುವ ಕ್ಯಾಮೆರಾ, ಸೀಟಿ, ಚಪ್ಪಾಳೆ, ಕೊನೆಗೆ ಟ್ರೋಫಿ. ಪಂದ್ಯದ ದಾಖಲೆಗೆ ಅಷ್ಟು ಸಾಕು. ಆದರೆ ಮೂಲೆಯಲ್ಲಿ ಜೊತೆಗಾರನ ಕೈ ಹಿಡಿದು ನಿಂತ ಕ್ಯಾಚರ್, ಮೈಯ ಭಾರವನ್ನು ಹಿಮ್ಮಡಿಯಿಂದ ಮುಂಗಾಲಿಗೆ ತರುವ ಆ ಅರೆಕ್ಷಣ ಅದರಲ್ಲಿ ಕಾಣುವುದಿಲ್ಲ. ಪ್ರಯೋಗಾತ್ಮಕ ಕ್ರೀಡಾಚಿತ್ರ ಶುರುವಾಗುವುದೇ ಅಲ್ಲಿ. ಗೆದ್ದವರು ಯಾರೆಂದು ಅದು ಹೇಳಬೇಕಿಲ್ಲ, ದೇಹ ಹೇಗೆ ಚಲಿಸಿತು ಎಂಬುದೇ ಅದರ ಕಥೆ. ಇದಕ್ಕೆ ದುಬಾರಿ ಕ್ಯಾಮೆರಾ ಬೇಡ. ಒಂದು ಮೊಬೈಲ್, ಒಂದು ಟ್ರೈಪಾಡ್, ಜೊತೆಗೆ ಕಾಲವನ್ನು ಏನು ಮಾಡಬೇಕೆಂಬ ಸ್ಪಷ್ಟ ತೀರ್ಮಾನ ಇದ್ದರೆ ಸಾಕು.

ಮೊದಲು ಚಲನೆ, ಆಮೇಲೆ ತಂತ್ರ

ಇಡೀ ಪಂದ್ಯವನ್ನು ಹಿಡಿಯಲು ಹೋಗಬೇಡಿ, ಒಂದೇ ಚಲನೆ ಆರಿಸಿಕೊಳ್ಳಿ. ವಾಲಿಬಾಲ್ ಆಟಗಾರ 2.43 ಮೀಟರ್ ಎತ್ತರದ ನೆಟ್ ಮೇಲೆ ಸ್ಮ್ಯಾಶ್‌ಗೆ ಜಿಗಿಯುವುದು, ಟಾಗೋರ್ ಕಡಲತೀರದ ಒದ್ದೆ ಮರಳಿನಲ್ಲಿ ಹುಡುಗಿಯೊಬ್ಬಳು ಓಡುವುದು, ಈಜುಗಾರನ ತೋಳು ನೀರು ಸೀಳುವುದು, ಹೀಗೆ. ಆಟದ ಹೊರಗೂ ನೋಡಬಹುದು. ರಂಪಣಿ ಬಲೆಯ ಹಗ್ಗ ಹಿಡಿದು ಹತ್ತಾರು ಜನ ಹಿಂದಕ್ಕೆ ವಾಲಿ, ಒಂದೇ ಲಯದಲ್ಲಿ ಹೆಜ್ಜೆ ಹಾಕುವುದರಲ್ಲಿ ತಂಡದ ಆಟದ ಎಲ್ಲ ಲಕ್ಷಣಗಳೂ ಇವೆ. ಹಾಲಕ್ಕಿ ಒಕ್ಕಲಿಗರ ಸುಗ್ಗಿ ಕುಣಿತದಲ್ಲಿ ತುರಾಯಿ ಹೊತ್ತು ಸುತ್ತು ಹಾಕುವವರ ಕಾಲ್ಗಸುವೂ ಕಡಿಮೆಯದಲ್ಲ.

ನಿಧಾನಗತಿಯ ಲೆಕ್ಕ

ಸಿನಿಮಾ ಸೆಕೆಂಡಿಗೆ 24 ಚೌಕಟ್ಟುಗಳಲ್ಲಿ ಓಡುತ್ತದೆ. ಸೆಕೆಂಡಿಗೆ 120 ಚೌಕಟ್ಟು ತೆಗೆದು 24ರ ವೇಗದಲ್ಲಿ ತೋರಿಸಿದರೆ ಚಲನೆ ಐದು ಪಟ್ಟು ನಿಧಾನವಾಗುತ್ತದೆ, 240 ತೆಗೆದರೆ ಹತ್ತು ಪಟ್ಟು. ಕಬಡ್ಡಿಯ ಒಂದು ರೈಡಿಗೆ 30 ಸೆಕೆಂಡ್. ಅದನ್ನು ಪೂರ್ತಿ 240ರಲ್ಲಿ ತೋರಿಸಿದರೆ ಐದು ನಿಮಿಷವಾಗುತ್ತದೆ, ನೋಡುವವರು ಎದ್ದು ಹೋಗುತ್ತಾರೆ. ಕಾಲು ಹಿಡಿಯುವ ಎರಡು ಸೆಕೆಂಡನ್ನಷ್ಟೇ ತೆಗೆದುಕೊಂಡರೆ ಪರದೆಯ ಮೇಲೆ 20 ಸೆಕೆಂಡ್ ಸಿಗುತ್ತದೆ, ಅದು ಧಾರಾಳ.

ಕ್ಯಾಮೆರಾ ಎಲ್ಲಿಡಬೇಕು ಎಂಬುದನ್ನು ಅಂಕಣವೇ ಹೇಳುತ್ತದೆ. ಗಂಡಸರ ಕಬಡ್ಡಿಯಲ್ಲಿ ನಡುಗೆರೆಯಿಂದ 3.75 ಮೀಟರ್ ದೂರದಲ್ಲಿರುವ ಬಾಕ್ ಲೈನನ್ನು ರೈಡರ್ ದಾಟಲೇಬೇಕು. ಆ ಗೆರೆಯ ನೇರಕ್ಕೆ, ಅಂಕಣದ ಹೊರಗೆ ಸುರಕ್ಷಿತ ದೂರದಲ್ಲಿ, ಮೊಣಕಾಲಿನ ಎತ್ತರಕ್ಕೆ ಮೊಬೈಲ್ ನಿಲ್ಲಿಸಿ ಕಾದರೆ ಆಟವೇ ಚೌಕಟ್ಟಿನೊಳಕ್ಕೆ ಬರುತ್ತದೆ.

ರಾತ್ರಿ ಪಂದ್ಯದಲ್ಲಿ ಒಂದು ತೊಡಕಿದೆ. ನಮ್ಮ ವಿದ್ಯುತ್ 50 ಹರ್ಟ್ಸಿನದು, ಹಾಗಾಗಿ ಎಷ್ಟೋ ದೀಪಗಳು ಸೆಕೆಂಡಿಗೆ 100 ಬಾರಿ ಮಂಕಾಗಿ ಬೆಳಗುತ್ತವೆ. ಕಣ್ಣಿಗೆ ತಿಳಿಯದ ಈ ಏರಿಳಿತ 240 ಚೌಕಟ್ಟಿನ ವಿಡಿಯೊದಲ್ಲಿ ಮಿಣಮಿಣ ಮಿನುಗುತ್ತದೆ. ರಾತ್ರಿಯಾದರೆ ಸೆಕೆಂಡಿಗೆ 25 ಚೌಕಟ್ಟು, 1/50 ಶಟರ್ ಇಟ್ಟುಕೊಳ್ಳಿ. ನಿಧಾನಗತಿಯ ದೃಶ್ಯಗಳನ್ನು ಸಂಜೆಯ ಪ್ರಾಕ್ಟೀಸಿನಲ್ಲಿ, ಬಿಸಿಲಿರುವಾಗಲೇ ಮುಗಿಸಿಬಿಡಿ.

ಹಿಂದಕ್ಕೆ ಓಡಿಸಿದರೆ

ಫ್ರಾನ್ಸಿನ ಜ್ಯಾನ್ ವಿಗೊ 1931ರಲ್ಲಿ ಈಜುಗಾರ ಜ್ಯಾನ್ ತಾರಿಸ್ ಬಗ್ಗೆ ಸುಮಾರು ಹತ್ತು ನಿಮಿಷದ ಚಿತ್ರ ಮಾಡಿದ. ಈಜು ಕಲಿಸುವ ಪಾಠದಂತೆ ಶುರುವಾಗುವ ಚಿತ್ರ ಅದು. ಕೊಳದ ಗೋಡೆಯ ಗಾಜಿನ ಕಿಂಡಿಗಳಿಂದ ನೀರೊಳಗಿನ ದೇಹವನ್ನು ನಿಧಾನಗತಿಯಲ್ಲಿ ತೋರಿಸಿದ, ಧುಮುಕಿದವನನ್ನು ನೀರಿನಿಂದ ಮೇಲಕ್ಕೆ ಹಾರಿಸಿದ. ಅಮೆರಿಕದ ಮಾಯಾ ಡೆರೆನ್ 1948ರ ‘ಮೆಡಿಟೇಷನ್ ಆನ್ ವಯಲೆನ್ಸ್’ನಲ್ಲಿ ಚೀನೀ ಸಮರಕಲೆಯ ಪಟ್ಟುಗಳನ್ನು ಚಿತ್ರಿಸಿ, ನಡುವಿನಿಂದಾಚೆಗೆ ಫಿಲ್ಮನ್ನೇ ಹಿಂದಕ್ಕೆ ಓಡಿಸಿದಳು. ಎಷ್ಟೋ ಜನರಿಗೆ ಅದು ಗೊತ್ತೇ ಆಗುವುದಿಲ್ಲ, ಯಾಕೆಂದರೆ ಆ ಪಟ್ಟುಗಳು ಸುತ್ತಿ ಸುತ್ತಿ ಹೊರಟಲ್ಲಿಗೇ ಬರುತ್ತವೆ.

ನಿಮ್ಮ ದೃಶ್ಯವನ್ನೂ ಒಮ್ಮೆ ತಿರುವಿ ನೋಡಿ. ಸ್ಮ್ಯಾಶ್ ಆದರೆ ತಕ್ಷಣ ಸಿಕ್ಕಿಬೀಳುತ್ತದೆ, ಚೆಂಡು ನೆಲದಿಂದ ಅಂಗೈಗೆ ಹಾರುತ್ತದಲ್ಲ! ಸುಗ್ಗಿಯ ಸುತ್ತು ಅಷ್ಟು ಬೇಗ ಸಿಕ್ಕಿಬೀಳುವುದಿಲ್ಲ. ಯಾವ ಚಲನೆಗೆ ಕೊನೆಯಿದೆ, ಯಾವುದು ಆವರ್ತಿಸುತ್ತಲೇ ಇರುತ್ತದೆ ಎಂದು ಇದರಿಂದ ತಿಳಿಯುತ್ತದೆ.

ಒಂದರ ಮೇಲೊಂದು ಚಿತ್ರ

ಫ್ರೆಂಚ್ ವಿಜ್ಞಾನಿ ಎಟಿಯನ್ ಜೂಲ್ ಮಾರೆ 1882ರಲ್ಲಿ ಬಂದೂಕಿನಾಕಾರದ ಕ್ಯಾಮೆರಾದಿಂದ ಸೆಕೆಂಡಿಗೆ 12 ಚಿತ್ರ ತೆಗೆದ. ಓಡುವ, ಜಿಗಿಯುವ ಮನುಷ್ಯನ ಹಂತಗಳನ್ನು ಮುಂದೆ ಒಂದೇ ಫಲಕದ ಮೇಲೆ ಮೂಡಿಸಿದ. ಕೆನಡಾದ ನಾರ್ಮನ್ ಮೆಕ್‌ಲಾರೆನ್ 1968ರ ‘ಪಾ ದ ದೂ’ದಲ್ಲಿ ಅದೇ ಉಪಾಯದಿಂದ ಇಬ್ಬರು ನರ್ತಕರ ಬೆನ್ನ ಹಿಂದೆ ಅವರದೇ ರೂಪಗಳ ಸಾಲು ಎಳೆದ.

ಕಾರವಾರದಲ್ಲಿ ಇದಕ್ಕೆ ಹೇಳಿ ಮಾಡಿಸಿದ ಬೆಳಕಿದೆ. ಸೂರ್ಯ ಮುಳುಗುವುದು ಕಡಲಿಗೇ. ಪಡುವಣಕ್ಕೆ ಮುಖಮಾಡಿ ಟ್ರೈಪಾಡ್ ಭದ್ರವಾಗಿ ನಿಲ್ಲಿಸಿ, ಆಕಾಶದ ಮೇಲೆ ಬೆರಳಿಟ್ಟು ಎಕ್ಸ್‌ಪೋಷರ್ ಲಾಕ್ ಮಾಡಿ. ಓಟಗಾರ್ತಿ ಕಪ್ಪು ಆಕೃತಿಯಾಗುತ್ತಾಳೆ. ಅದೇ ತುಣುಕನ್ನು ಡಾವಿಂಚಿ ರಿಸಾಲ್ವ್‌ನಂಥ ಉಚಿತ ತಂತ್ರಾಂಶದಲ್ಲಿ ನಾಲ್ಕೈದು ಪದರವಾಗಿ ಜೋಡಿಸಿ, ಪ್ರತಿ ಪದರವನ್ನೂ ಐದೈದು ಚೌಕಟ್ಟು ತಡವಾಗಿ ಶುರುಮಾಡಿ, ಬ್ಲೆಂಡ್ ಮೋಡ್‌ನಲ್ಲಿ ‘ಡಾರ್ಕನ್’ ಆರಿಸಿ. ಅವಳ ಹಿಂದೆ ಅವಳದೇ ನೆರಳುಗಳು ಸಾಲಾಗಿ ಓಡುತ್ತವೆ. ಕಪ್ಪು ಹಿನ್ನೆಲೆಯಲ್ಲಿ ಬೆಳಕು ಬಿದ್ದ ದೇಹವಾದರೆ ‘ಲೈಟನ್’ ಬೇಕು.

ನೀರಿಳಿದಾಗ ಮರಳು ಗಟ್ಟಿಯಾಗಿರುತ್ತದೆ, ಪ್ರತಿಬಿಂಬವೂ ಮೂಡುತ್ತದೆ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಇಂದು ಸಂಜೆ ಐದಕ್ಕೆ ಸಿಕ್ಕ ಮರಳು ನಾಲ್ಕು ದಿನ ಬಿಟ್ಟು ಅದೇ ಹೊತ್ತಿಗೆ ಹೋದರೆ ಸಿಗುವುದಿಲ್ಲ, ಹಾಗಾಗಿ ಒಂದೇ ಸಂಜೆಯಲ್ಲಿ ಮುಗಿಸುವುದು ಒಳ್ಳೆಯದು.

ಒಬ್ಬರನ್ನೇ ನೋಡುವುದು, ಸದ್ದನ್ನು ಬೇರೆ ಮಾಡುವುದು

ಡಗ್ಲಸ್ ಗಾರ್ಡನ್ ಮತ್ತು ಫಿಲಿಪ್ ಪರೆನೊ 2005ರಲ್ಲಿ ಒಂದು ಫುಟ್‌ಬಾಲ್ ಪಂದ್ಯದುದ್ದಕ್ಕೂ 17 ಕ್ಯಾಮೆರಾಗಳನ್ನು ಝಿನೆದಿನ್ ಝಿದಾನ್ ಒಬ್ಬನ ಮೇಲೆಯೇ ಇಟ್ಟರು. ಚೆಂಡು ಎಲ್ಲಿದೆಯೆಂದು ಎಷ್ಟೋ ಸಲ ತಿಳಿಯುವುದೇ ಇಲ್ಲ. ಅವನ ಕಾಯುವಿಕೆ, ಕಾಲೆಳೆಯುವ ನಡಿಗೆ ಮಾತ್ರ ಕಾಣುತ್ತವೆ. ನೀವು ಒಂದೇ ಮೊಬೈಲಿನಲ್ಲಿ ಮೂಲೆಯ ಕ್ಯಾಚರ್‌ನನ್ನು ಮಾತ್ರ ಅರ್ಧ ಪಂದ್ಯ ಹಿಂಬಾಲಿಸಿ.

ನಿಧಾನಗತಿಯ ವಿಡಿಯೊದ ಸದ್ದು ಕೆಲಸಕ್ಕೆ ಬಾರದು. ಇನ್ನೊಂದು ಮೊಬೈಲಿನಲ್ಲಿ ಸದ್ದನ್ನಷ್ಟೇ ರೆಕಾರ್ಡ್ ಮಾಡಿ. ಮಧ್ಯಾಹ್ನದ ಮೇಲೆ ಕಡಲಗಾಳಿ ಜೋರು, ಮೈಕಿಗೆ ಸ್ಪಂಜು ಸುತ್ತಿ. ಆಮೇಲೆ ಒಂದು ಪ್ರಯೋಗ: ರೈಡರ್ ಒಂದೇ ಉಸಿರಿನಲ್ಲಿ ‘ಕಬಡ್ಡಿ ಕಬಡ್ಡಿ’ ಎನ್ನುವುದನ್ನು ಅದರದೇ ವೇಗದಲ್ಲಿ ಬಿಡಿ, ಚಿತ್ರವನ್ನು ಮಾತ್ರ ನಿಧಾನಿಸಿ. ಉಸಿರು ಮುಗಿದಿರುತ್ತದೆ, ಅವನಿನ್ನೂ ಗೆರೆಯತ್ತ ಚಾಚುತ್ತಲೇ ಇರುತ್ತಾನೆ.

ಸೀಟಿ ಊದಿದ ಮೇಲೂ ಹತ್ತು ಸೆಕೆಂಡ್ ರೆಕಾರ್ಡಿಂಗ್ ನಿಲ್ಲಿಸಬೇಡಿ. ಕೆಡವಿದವನೇ ಕೈಕೊಟ್ಟು ಎಬ್ಬಿಸುವುದು, ಬೆನ್ನಿನ ಮಣ್ಣು ಕೊಡವುವುದು ಎಲ್ಲ ಆಗ ನಡೆಯುತ್ತದೆ. ಕ್ರೀಡಾಸ್ಫೂರ್ತಿ ಎಂದು ಭಾಷಣದಲ್ಲಿ ಹೇಳುವುದು ಕಣ್ಣಿಗೆ ಕಾಣುವುದು ಈ ಹತ್ತು ಸೆಕೆಂಡಿನಲ್ಲಿ.

ಹೊರಡುವ ಮುನ್ನ

ಸಂಘಟಕರನ್ನು, ಆಟಗಾರರನ್ನು ಕೇಳಿಕೊಳ್ಳಿ. ಮಕ್ಕಳಾದರೆ ತಂದೆತಾಯಿಯ ಒಪ್ಪಿಗೆ ಬೇಕು. ಕಾರವಾರದ ಬಳಿಯೇ ಐಎನ್‌ಎಸ್ ಕದಂಬ ನೌಕಾನೆಲೆ ಇರುವುದರಿಂದ ಡ್ರೋನ್ ಹಾರಿಸುವ ಮೊದಲು ಡಿಜಿಟಲ್ ಸ್ಕೈ ನಕ್ಷೆಯಲ್ಲಿ ವಲಯ ನೋಡಿ. ಕೆಂಪಿದ್ದರೆ ಆಸೆ ಬಿಡಿ. ಮಳೆಗಾಲದಲ್ಲಿ ಸಮುದ್ರಕ್ಕಿಳಿದು ಚಿತ್ರೀಕರಣ ಬೇಡವೇ ಬೇಡ.

ಚಿತ್ರ ಮೂರರಿಂದ ಐದು ನಿಮಿಷದೊಳಗಿರಲಿ, ತಂತ್ರ ಒಂದೋ ಎರಡೋ ಸಾಕು. ಮೊದಲ ಪ್ರದರ್ಶನ ಆಡಿದವರಿಗೇ ಇರಲಿ. ತನ್ನ ಕಾಲು ಹೀಗೆ ಹೋಗುತ್ತದೆಂದು ಗೊತ್ತೇ ಇರಲಿಲ್ಲ ಎಂದು ಯಾರಾದರೂ ಅಂದರೆ ಆ ಭಾಗವನ್ನು ಉಳಿಸಿ, ಬರೀ ಚೆನ್ನಾಗಿದೆ ಎಂದು ಸುಮ್ಮನಾದರೆ ಅಲ್ಲಿ ಇನ್ನಷ್ಟು ಕತ್ತರಿಸಿ.