ಬೇಗೂರಿಗೆ ಬಂದ ಗಿನಿ ಹಂದಿ

ಬೇಗೂರಿನ ನಾಗನಾಥೇಶ್ವರ ದೇವಸ್ಥಾನದ ಶಾಸನದಲ್ಲಿ ‘ಬೆಂಗಳೂರು ಕಾಳಗ’ದ ಮಾತು ಬರುತ್ತದೆ. ಕಾಲ ಸುಮಾರು ಕ್ರಿ.ಶ. 890. ಆ ಕಲ್ಲು ಕೆತ್ತುವ ಹೊತ್ತಿಗೆ ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳಲ್ಲಿ ಗಿನಿ ಹಂದಿಯನ್ನು ಮನೆಯಲ್ಲಿ ಸಾಕಲು ತೊಡಗಿ ಸಾವಿರಾರು ವರ್ಷವಾಗಿತ್ತು. ಅಲ್ಲಿ ಅದು ಅಡುಗೆಮನೆಯ ಮೂಲೆಯಲ್ಲಿ ಬೆಳೆಯುವ ಮಾಂಸದ ಪ್ರಾಣಿ. ಇವತ್ತು ಅದೇ ಪ್ರಾಣಿ ನಾಯಿ ಸಾಕಲು ಜಾಗವಿಲ್ಲದ ಬೇಗೂರಿನ ಅಪಾರ್ಟ್‌ಮೆಂಟ್‌ಗಳಿಗೆ ಮಕ್ಕಳ ಹಟದ ಬೆನ್ನಿಗೆ ಬರುತ್ತಿದೆ.

16ನೇ ಶತಮಾನದಲ್ಲಿ ಸ್ಪೇನಿನವರ ಹಡಗು ಹತ್ತಿ ಯುರೋಪಿಗೆ ಬಂದ ಗಿನಿ ಹಂದಿ ಶ್ರೀಮಂತರ ಮುದ್ದಿನ ಪ್ರಾಣಿಯಾಯಿತು, ಆಮೇಲೆ ಪ್ರಯೋಗಾಲಯ ಸೇರಿತು. 1882ರಲ್ಲಿ ರಾಬರ್ಟ್ ಕಾಕ್ ಕ್ಷಯಕ್ಕೆ ಬ್ಯಾಕ್ಟೀರಿಯವೇ ಕಾರಣವೆಂದು ತೋರಿಸಿದ್ದು ಗಿನಿ ಹಂದಿಗಳಿಗೆ ಸೋಂಕು ತಗುಲಿಸಿ. 1907ರಲ್ಲಿ ನಾರ್ವೆಯ ಹೋಲ್ಸ್ಟ್ ಮತ್ತು ಫ್ರೋಲಿಕ್ ಬರೀ ಕಾಳುಕಡಿ ತಿನ್ನಿಸಿದಾಗ ಅವುಗಳಿಗೆ ವಿಟಮಿನ್ ಸಿ ಕೊರತೆಯ ರೋಗವಾದ ಸ್ಕರ್ವಿ ಬಂತು. ನಮ್ಮ ಹಾಗೆಯೇ ಇದರ ದೇಹವೂ ವಿಟಮಿನ್ ಸಿ ತಯಾರಿಸಿಕೊಳ್ಳಲಾರದು. ವಿಟಮಿನ್ ಸಿ ಪತ್ತೆಯ ದಾರಿ ತೆರೆದದ್ದು ಅಲ್ಲಿಂದ.

ನಮ್ಮ ರೈತರ ಹಟ್ಟಿಗೂ ಗಿನಿ ಹಂದಿಯ ಋಣ ಮುಟ್ಟಿದೆ. ದನಕರುಗಳ ಕಾಲುಬಾಯಿ ರೋಗದ ಸಂಶೋಧನೆಗೆ ಹೆಬ್ಬಾಳದ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯ ಕ್ಯಾಂಪಸ್ ಹೆಸರುವಾಸಿ. ಆ ವೈರಸ್ಸಿನ ಬಗೆ ಗುರುತಿಸುವ ಎಲೈಸಾ ಪರೀಕ್ಷೆಯಲ್ಲಿ ಗಿನಿ ಹಂದಿಯ ರಕ್ತದಿಂದ ತೆಗೆದ ಪ್ರತಿಕಾಯ ಬಳಸುವುದು ರೂಢಿ. ಪ್ರಾಣಿಗಳ ಮೇಲಿನ ಪ್ರಯೋಗಕ್ಕೆ ಹಿಡಿತವಿಡುವ ಈಗಿನ ನಿಯಮಗಳು ದೇಶದಲ್ಲಿ ಬಂದದ್ದು 1998ರಲ್ಲಿ. ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದು 2014ರಲ್ಲಿ ನಿಂತಿತು.

ಗಿನಿ ಹಂದಿಯಲ್ಲಿ ಪ್ರಯೋಗಾಲಯ ಕಂಡುಕೊಂಡ ಒಂದೊಂದು ದೌರ್ಬಲ್ಯವೂ ಮನೆಯಲ್ಲಿ ಸಾಕುವವರಿಗೆ ಪಾಠ. ಒಣ ಕಾಳು ಮಾತ್ರ ಹಾಕಿದರೆ ಕೀಲು ಊದಿಕೊಂಡು, ಒಸಡಿನಲ್ಲಿ ರಕ್ತ ಬಂದು ಪ್ರಾಣಿ ಮೂಲೆ ಹಿಡಿಯುತ್ತದೆ, ಅದೇ ಸ್ಕರ್ವಿ. ದಿನಕ್ಕೊಂದು ಹೋಳು ದಪ್ಪಮೆಣಸಿನಕಾಯಿ, ನಾಲ್ಕು ಎಸಳು ಕೊತ್ತಂಬರಿ ಸೊಪ್ಪು ಕೊಟ್ಟರೆ ಅದನ್ನು ತಡೆಯಬಹುದು. ಹಲ್ಲು ಬದುಕಿರುವಷ್ಟು ದಿನವೂ ಬೆಳೆಯುವುದರಿಂದ ಹುಲ್ಲು ಸದಾ ಬಾಯಿಗೆ ಸಿಗುವಂತಿರಬೇಕು. ಔಷಧಿ ಹೊಡೆಯದ ಜಾಗದ ಗರಿಕೆಯೂ ಆದೀತು. ಪೆನಿಸಿಲಿನ್ ಜಾತಿಯ ಮಾತ್ರೆ ಇದರ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಗಳನ್ನು ಕೊಂದು ಜೀವಕ್ಕೇ ಎರವಾಗಬಲ್ಲದು. ಮನೆಯಲ್ಲಿ ಉಳಿದ ಮಾತ್ರೆ ಪುಡಿಮಾಡಿ ಕೊಡುವ ಸಾಹಸ ಖಂಡಿತ ಬೇಡ.

ಏಪ್ರಿಲ್ ಬಿಸಿಲಿಗೆ ಕಾಯುವ ಬಾಲ್ಕನಿ ಇದಕ್ಕೆ ಆಗಿಬರದು. ಬೆಟ್ಟದ ತಂಪಿನ ಪ್ರಾಣಿಗೆ 30 ಡಿಗ್ರಿ ದಾಟಿದ ಸೆಕೆ ಅಪಾಯ. ಒಂಟಿಯಾಗಿಯೂ ಇಡಬಾರದು, ಗುಂಪಿನಲ್ಲಿ ಬದುಕುವ ಜೀವವಿದು. ಸ್ವಿಟ್ಜರ್‌ಲೆಂಡ್ 2008ರಲ್ಲೇ ಜೊತೆಯಿಲ್ಲದೆ ಸಾಕಬಾರದೆಂದು ಕಾನೂನು ಮಾಡಿತು. ಆದರೆ ಗಂಡು ಹೆಣ್ಣಿನ ಜೋಡಿ ತಂದರೆ ಎರಡು ತಿಂಗಳು ಚಿಲ್ಲರೆಯ ಬಸಿರು ಕಳೆದು ಮರಿಗಳು ಬರುತ್ತವೆ. ಹುಟ್ಟುವಾಗಲೇ ಮೈತುಂಬ ಕೂದಲು, ತೆರೆದ ಕಣ್ಣು. ಒಂದೆರಡು ದಿನದಲ್ಲೇ ತಾಯಿಯ ಪಕ್ಕ ನಿಂತು ಹುಲ್ಲು ಕಡಿಯುತ್ತವೆ. ನೋಡಲು ಚೆಂದ, ಆದರೆ ಸಾಕುವವರು ಯಾರು? ಎರಡು ಹೆಣ್ಣುಗಳನ್ನೇ ತರುವುದು ಲೇಸು.

ಇದರ ಆಯುಷ್ಯ 5ರಿಂದ 8 ವರ್ಷ. ಮಗುವಿನ ಉತ್ಸಾಹ ಅದಕ್ಕೆ ಮೊದಲೇ ತೀರಬಹುದು. ಆಗಲೂ ನೀರು, ಸೊಪ್ಪು ನೋಡಿಕೊಳ್ಳುವ ದೊಡ್ಡವರು ಮನೆಯಲ್ಲಿದ್ದರೆ ಮಾತ್ರ ತನ್ನಿ. ಇದರ ದೇಹದಿಂದ ನಮ್ಮ ರೋಗಗಳನ್ನು ಅರಿತುಕೊಂಡವರು ನಾವು. ಆ ಅರಿವು ಇದರ ಆರೋಗ್ಯಕ್ಕೂ ಸಲ್ಲಲಿ.